ಕಮಾನುಗಳ ನಡುವೆ ನಿಂತು ಸುತ್ತ ನೋಡುವ ಚಿತ್ರಕ್ಕೆ ಯಾವ ತಂತ್ರಾಂಶ?

ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ನನ್ನ ಕ್ಯಾಮೆರಾದಿಂದ ಎಂದೂ ಆಗಲಿಲ್ಲ. 1367ರ ಈ ಕಟ್ಟಡಕ್ಕೆ ನಡುವೆ ಬಯಲು ಅಂಗಳವಿಲ್ಲ. ಇಡೀ ಕಟ್ಟಡ ಗುಮ್ಮಟಗಳ ಚಾವಣಿಯ ಅಡಿಯಲ್ಲಿದೆ, ಒಳಗೆ ನಿಂತರೆ ಎತ್ತ ತಿರುಗಿದರೂ ಕಮಾನಿನ ಹಿಂದೆ ಕಮಾನು. ಯಾದಗಿರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಹೇಳುವ ನನಗೆ, ಕಲಬುರಗಿಗೆ ಬರಲಾಗದ ಮಕ್ಕಳೂ ಮೊಬೈಲಿನ ಮೇಲೆ ಬೆರಳಾಡಿಸಿ ಆ ಮಸೀದಿಯೊಳಗೆ ಸುತ್ತ ನೋಡುವಂತಾಗಬೇಕು ಎಂಬ ಆಸೆ ಬಹಳ ದಿನಗಳಿಂದ ಇತ್ತು.

ಮೊದಲು ಇಂಥ ಚಿತ್ರಗಳನ್ನು ತೋರಿಸುವ, ವಾರ್ಷಿಕ ಚಂದಾ ಕಟ್ಟುವ ಒಂದು ಜಾಲಸೇವೆಯನ್ನು ನಂಬಿದ್ದೆ. ಎರಡನೆಯ ವರ್ಷ ಚಂದಾ ಕಟ್ಟಲಾಗದೆ ಹೋದಾಗ ಮಕ್ಕಳಿಗೆ ಕೊಟ್ಟಿದ್ದ ಕೊಂಡಿಗಳೆಲ್ಲ ತೆರೆಯದಾದವು. ಬೆಲೆ ಎಂದರೆ ಕೊಳ್ಳುವ ದಿನ ಕೊಡುವ ಹಣ ಮಾತ್ರವಲ್ಲ, ಹಣ ನಿಂತ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೂ ಹೌದು ಎಂದು ಆಗ ತಿಳಿಯಿತು. ಅಂದಿನಿಂದ ತಂತ್ರಾಂಶವನ್ನು ಆ ಒಂದು ಪ್ರಶ್ನೆಯಿಂದಲೇ ಅಳೆಯುತ್ತೇನೆ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ಬಿಡಿ ಚಿತ್ರಗಳನ್ನು ಹೊಲಿದು ಒಂದಾಗಿಸುವುದು ಮತ್ತು ಹೊಲಿದದ್ದನ್ನು ತಿರುಗಿಸಿ ನೋಡುವಂತೆ ಮಾಡುವುದು. ಹೊಲಿಗೆಗೆ ಹೆಸರಾದದ್ದು ಪಿಟಿಗುಯಿ ಎಂಬ, ಹಣ ಕೊಟ್ಟು ಕೊಳ್ಳುವ ತಂತ್ರಾಂಶ. ಅದರ ಕೆಲಸ ವೇಗ, ಅಚ್ಚುಕಟ್ಟು. ಪ್ರಯೋಗಕ್ಕೆಂದು ಕೊಡುವ ಪ್ರತಿಯಲ್ಲಿ ಮಾತ್ರ ಚಿತ್ರದ ತುಂಬ ನೀರುಗುರುತು (ವಾಟರ್‌ಮಾರ್ಕ್) ಬರುತ್ತದೆ. ಹ್ಯೂಗಿನ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ 1998ರ ಸುಮಾರಿಗೆ ಬರೆದ ಪನೋರಮಾ ಟೂಲ್ಸ್ ಇವೆರಡಕ್ಕೂ ಮೂಲ. ಎರಡೂ ಒಂದೇ ಬೇರಿನವು ಎಂದಮೇಲೆ ನಾನು ಹ್ಯೂಗಿನ್ ಹಿಡಿದೆ, ಉಳಿದ ಹಣವನ್ನು ಟ್ರೈಪಾಡಿನ ತಲೆಗೆ, ಎಂದರೆ ಕ್ಯಾಮೆರಾ ಕೂರಿಸಿ ತಿರುಗಿಸುವ ಭಾಗಕ್ಕೆ, ಹಾಕಿದೆ. ಕ್ಯಾಮೆರಾ ತಿರುಗುವಾಗ ಲೆನ್ಸಿಗೆ ಬೆಳಕು ಹೊಗುವ ಬಿಂದು ಜಾಗ ಬಿಡಬಾರದು. ಬಿಟ್ಟರೆ ಹತ್ತಿರದ ಕಂಬ ದೂರದ ಕಮಾನಿನ ಮುಂದೆ ಸರಿದು ಹೊಲಿಗೆ ಎದ್ದು ಕಾಣುತ್ತದೆ, ಅದನ್ನು ಎಷ್ಟೇ ದುಬಾರಿ ತಂತ್ರಾಂಶ ತಂದರೂ ಪೂರ್ತಿ ಮುಚ್ಚಲಾಗದು. ವೆಲ್ಡಿಂಗ್ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ಪಟ್ಟಿ ಬಾಗಿಸಿ ಮಾಡಿಸಿಕೊಂಡ ತಲೆಯೇ ನನಗೆ ಸಾಕಾಯಿತು.

ಅನುಮತಿ ಪಡೆದು ಬೆಳಗಿನ ಹೊತ್ತು ಟ್ರೈಪಾಡ್ ನಿಲ್ಲಿಸಿದೆ. ಕ್ಯಾಮೆರಾದ ಜೊತೆಗೇ ಬಂದ ಲೆನ್ಸನ್ನು 18 ಮಿಲಿಮೀಟರಿನಲ್ಲಿಟ್ಟು, ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ, ಮೂರು ಸಾಲಿನಲ್ಲಿ ಹನ್ನೆರಡರಂತೆ, ಮೇಲಕ್ಕೊಂದು, ಕೆಳಕ್ಕೊಂದು, ಒಟ್ಟು 38 ಚಿತ್ರ ತೆಗೆದೆ. ಬಹಳ ಅಗಲದ ನೋಟ ಹಿಡಿಯುವ ಫಿಶ್‌ಐ ಲೆನ್ಸ್ ಇದ್ದವರಿಗೆ ಏಳೆಂಟರಲ್ಲಿ ಮುಗಿಯುತ್ತದೆ. ಬೆಳಕಿನ ಅಳತೆಯನ್ನು (ಎಕ್ಸ್‌ಪೋಶರ್) ಎಲ್ಲ ಚಿತ್ರಕ್ಕೂ ಒಂದೇ ಇರುವಂತೆ ಕೈಯಿಂದಲೇ ಕಟ್ಟಿಹಾಕಿದ್ದೆ. ನೋಡುತ್ತ ನಿಂತಿದ್ದ ಹಿರಿಯರೊಬ್ಬರು, "ಏನ್ರೀ ಸರ, ಕಂಬ ಎಣಿಸ್ಲಿಕತ್ತೀರೇನು?" ಎಂದು ಕೇಳಿದರು.

ಮನೆಗೆ ಬಂದು ಹೊಲಿದಾಗ ಒಂದು ಇಡೀ ಕಮಾನೇ ಮಾಯವಾಗಿತ್ತು. ಹ್ಯೂಗಿನ್ ಪಕ್ಕಪಕ್ಕದ ಚಿತ್ರಗಳಲ್ಲಿ ಒಂದೇ ತರಹ ಕಾಣುವ ಚುಕ್ಕೆಗಳನ್ನು ಹುಡುಕಿ ಜೋಡಿಸುತ್ತದೆ. ಅವಕ್ಕೆ ಕಂಟ್ರೋಲ್ ಪಾಯಿಂಟ್ ಎನ್ನುತ್ತಾರೆ. ಇಲ್ಲಿ ಎಲ್ಲ ಕಂಬಗಳೂ ಒಂದೇ ಅಚ್ಚಿನವು, ಒಂದೇ ಸುಣ್ಣದವು. ಹಾಗಾಗಿ ಒಂದು ಕಂಬದ ಬುಡ ಮುಂದಿನ ಕಂಬದ ಬುಡಕ್ಕೆ ಅಂಟಿಕೊಂಡಿತ್ತು. ತಪ್ಪು ಚುಕ್ಕೆಗಳನ್ನು ಅಳಿಸಿ, ಗಾರೆ ಎದ್ದ ಕಡೆ, ತೇವದ ಕಲೆ, ನೆಲದ ಬಿರುಕು, ಹೀಗೆ ಮತ್ತೊಂದು ಕಡೆ ಸಿಗದ ಗುರುತುಗಳ ಮೇಲೆ ಕೈಯಿಂದಲೇ ಚುಕ್ಕೆ ಇಟ್ಟೆ. ಎರಡು ಸಂಜೆ ಹಿಡಿಯಿತು. ಕಮಾನು ತನ್ನ ಜಾಗಕ್ಕೆ ಮರಳಿತು.

ಹೊಲಿದು ಬಂದದ್ದು ಅಗಲ ಎತ್ತರದ ಎರಡರಷ್ಟಿರುವ ಸಾಮಾನ್ಯ ಜೆಪೆಗ್, 8000ಕ್ಕೆ 4000 ಪಿಕ್ಸೆಲ್. ಇದನ್ನು ತಿರುಗಿಸಿ ತೋರಿಸಲು ಕೆಆರ್‌ಪ್ಯಾನೋ ಒಳ್ಳೆಯದು, ಹಣ ಕೊಡಬೇಕು. ಉಚಿತವಾದವು ಪ್ಯಾನೆಲ್ಲಮ್ ಮತ್ತು ಮಾರ್ಜಿಪಾನೊ. ಕೋಡ್ ಮುಟ್ಟಲು ಹಿಂಜರಿಯುವವರಿಗೆ ನಾನು ಮಾರ್ಜಿಪಾನೊ ಹೇಳುತ್ತೇನೆ: ಬ್ರೌಸರಿನಲ್ಲೇ ಚಿತ್ರ ಎಳೆದು ಹಾಕಿ, ಮುಟ್ಟಿದರೆ ವಿವರ ತೋರಿಸುವ ಗುರುತುಗಳನ್ನಿಟ್ಟು, ಎಲ್ಲವನ್ನೂ ಒಂದು ಕಡತಕೋಶವಾಗಿ (ಫೋಲ್ಡರ್) ಇಳಿಸಿಕೊಳ್ಳಬಹುದು. ನಾನು ಆರಿಸಿದ್ದು ಪ್ಯಾನೆಲ್ಲಮ್. ಹಳೆಯ ಮೊಬೈಲುಗಳು ಅಷ್ಟು ದೊಡ್ಡ ಚಿತ್ರವನ್ನು ಒಂದೇ ಏಟಿಗೆ ತೆರೆಯಲಾರವು. ಪ್ಯಾನೆಲ್ಲಮ್ ಜೊತೆಗೆ ಬರುವ ಒಂದು ಸಣ್ಣ ಪ್ರೋಗ್ರಾಂ ಹ್ಯೂಗಿನ್ನಿನದೇ ಉಪಕರಣ ಬಳಸಿ ಚಿತ್ರವನ್ನು ತುಂಡುಗಳಾಗಿ ಕತ್ತರಿಸುತ್ತದೆ, ನೋಡುವ ಭಾಗದ ತುಂಡು ಮಾತ್ರ ಇಳಿಯುತ್ತದೆ. ನಮ್ಮೂರಿನ ನೆಟ್‌ವರ್ಕಿಗೆ ಇದು ದೊಡ್ಡ ಅನುಕೂಲ.

ನೆಟ್‌ವರ್ಕ್ ಇಲ್ಲದ ದಿನಕ್ಕೆಂದು ಪ್ಯಾನೆಲ್ಲಮ್ ಮತ್ತು ಆ ತುಂಡುಗಳಿರುವ ಕಡತಕೋಶವನ್ನು ಶಾಲೆಯ ಕಂಪ್ಯೂಟರಿಗೂ ಹಾಕಿದ್ದೇನೆ. ಅಲ್ಲಿ ಪುಟದ ಮೇಲೆ ನೇರ ಕ್ಲಿಕ್ ಮಾಡಿದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ಚಿತ್ರ ತೋರಿಸುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಪುಟ್ಟ ಸರ್ವರನ್ನು ಮೊದಲು ಚಾಲೂ ಮಾಡಬೇಕು. ಮಾಯವಾಗಿ ಮರಳಿದ ಆ ಕಮಾನಿನ ಮೇಲೆಯೇ ಮೊದಲ ಗುರುತು ಇಟ್ಟಿದ್ದೇನೆ. ಅಷ್ಟು ಗಿಡ್ಡ ಕಂಬಗಳಿಂದ ಅಷ್ಟು ಅಗಲದ ಕಮಾನು ಎದ್ದಿರುವುದನ್ನು ಮಕ್ಕಳು ಅಲ್ಲೇ ನಿಂತು, ಕೆಳಗಿನಿಂದ ಮೇಲಕ್ಕೆ ಬೆರಳೆಳೆದು ನೋಡಲಿ ಎಂದು.