ಹಳೇ ಡಿಸ್ಕ್ ಪಕ್ಕಕ್ಕಿಟ್ಟ ಭಾನುವಾರ

ಪಿತೃಪಕ್ಷ ಬಂತು ಅಂದರೆ ನನ್ನ ಡಿಟಿಪಿ ಅಂಗಡಿಗೆ ಹದಿನೈದು ದಿನ ಬಿಡುವು. ಮದುವೆ ಕಾರ್ಡಿಲ್ಲ, ಗೃಹಪ್ರವೇಶದ ಕಾರ್ಡಿಲ್ಲ. ಕಂಪ್ಯೂಟರಿನ ಹಳೇ ಹಾರ್ಡ್ ಡಿಸ್ಕ್ ಬದಲಿಸಿ ವಿಂಡೋಸ್ 11ಕ್ಕೆ ಹೋಗುವುದು ನಾನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದ ಕೆಲಸ. ಅದನ್ನು ಶುರು ಮಾಡಲು ಹಾಗಾಗಿ ಆ ಬಿಡುವಿನ ಒಂದು ದಿನವನ್ನೇ ಆರಿಸಿಕೊಂಡೆ. 2025ರ ಸೆಪ್ಟೆಂಬರ್ 14, ಭಾನುವಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಬೆಂಬಲ ನಿಲ್ಲುವುದಕ್ಕೆ ಸರಿಯಾಗಿ ಒಂದು ತಿಂಗಳಿತ್ತು.

ನನ್ನದು 2019ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಎಂಟನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು, ಅಷ್ಟರಮಟ್ಟಿಗೆ ಪಾರಾಗಿದ್ದೆ. ತೊಂದರೆ ಇದ್ದದ್ದು ಹಾರ್ಡ್ ಡಿಸ್ಕಿನದು. ಬೆಳಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಅದಿನ್ನೂ ಗರಗರ ಅನ್ನುತ್ತಿರುತ್ತಿತ್ತು. ಈಚೆಗೆ ನಡುನಡುವೆ ಟಿಕ್ ಟಿಕ್ ಅನ್ನುವ ಸದ್ದು ಬೇರೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯನಿಗೆ ಫೋನ್ ಮಾಡಿದೆ.

"ಮಾವ, ಸುಮ್ನೆ ಯಾಕೆ ಕಷ್ಟ ಪಡ್ತೀರಿ? ಈ ತಿರುಗೋ ಡಿಸ್ಕ್ ಬದಲು ಚಿಪ್ಪಿನ ಡಿಸ್ಕ್, ಎಸ್‌ಎಸ್‌ಡಿ ಹಾಕಿ, ವಿಂಡೋಸ್ 11 ಹೊಸದಾಗಿ ಇನ್‌ಸ್ಟಾಲ್ ಮಾಡಿ. ಫೈಲೆಲ್ಲ ಕಾಪಿ ಮಾಡ್ಕೊಳ್ಳಿ, ಮುಗೀತು."

"ಹಂಗಲ್ಲ ಮಾರಾಯ, ಪೇಜ್‌ಮೇಕರ್ ಎಲ್ಲಿಂದ ತರೋದು?"

ಅವನ ವಯಸ್ಸಿನವರಿಗೆ ಇದು ಅರ್ಥವಾಗುವುದು ಕಷ್ಟ. ಪೇಜ್‌ಮೇಕರ್ ಅಂದರೆ ನಾವು ಪುಟ ಜೋಡಿಸುವ ಸಾಫ್ಟ್‌ವೇರ್. ಅದರ ಏಳನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಾದ ಮೇಲೆ ಎಂಟನೆಯದು ಬರಲೇ ಇಲ್ಲ. ಆದರೂ ನಮ್ಮಂಥ ಎಷ್ಟೋ ಅಂಗಡಿಗಳ ಅನ್ನ ಇವತ್ತಿಗೂ ಅದರಲ್ಲೇ ಬೇಯುತ್ತಿದೆ. ನನ್ನ ಹತ್ತಿರ ಇದ್ದ ಸಿಡಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಎರಡು ವರ್ಷವಾಯಿತು. ಜೊತೆಗೆ "ನುಡಿ" ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಅಕ್ಷರಶೈಲಿಗಳು. ಆಗಿನ ನುಡಿಯಲ್ಲಿ ಟೈಪ್ ಮಾಡಿದ ಕನ್ನಡ, ಈಗ ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದು, ಅಷ್ಟೆ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ "ಕನ್ನಡ" ಅನ್ನುವ ಪದದ ನಟ್ಟನಡುವೆ ಒಂದು ಪೌಂಡ್ ಗುರುತು ಕೂತಿರುತ್ತದೆ. ನಮ್ಮೂರ ದೇವಸ್ಥಾನದ ಜಾತ್ರೆಯ ಆಹ್ವಾನ ಪತ್ರಿಕೆ 2009ರಿಂದ ಒಂದೇ ಫೈಲಿನಲ್ಲಿದೆ. ವರ್ಷಕ್ಕೊಮ್ಮೆ ತಿಥಿ, ತಾರೀಖು, ಸೇವಾಕರ್ತರ ಹೆಸರು ಬದಲಿಸಿ ಅಚ್ಚಿಗೆ ಕೊಡುತ್ತೇನೆ. ಅದು ಹಾಳಾದರೆ ಫೈಲಿನ ಕಾಪಿ ಇಟ್ಟುಕೊಂಡು ನಾನೇನು ಮಾಡಲಿ? ಮನೆ ಬದಲಿಸಿದರೂ ಒಲೆ, ಒರಳು, ಮಸಾಲೆ ಡಬ್ಬಿ ಇದ್ದ ಹಾಗೇ ಬರಬೇಕಿತ್ತು.

"ಸರಿ, ಹಾಗಾದ್ರೆ ಕ್ಲೋನ್ ಮಾಡಿ, ಇಡೀ ಡಿಸ್ಕನ್ನ ಇದ್ದ ಹಾಗೇ ಹೊಸದಕ್ಕೆ ನಕಲು ಮಾಡೋದು. ಆದ್ರೆ ಎರಡೂ ಒಂದೇ ದಿನ ಬೇಡ ಮಾವ. ಮೊದಲು ಹೊಸ ಡಿಸ್ಕಿಗೆ ಸಾಗಿಸಿ, ಒಂದು ವಾರ ಕೆಲಸ ಮಾಡಿ ನೋಡಿ. ಆಮೇಲೆ ಅಪ್‌ಗ್ರೇಡ್" ಅಂದ. ಹುಡುಗ ಹೇಳಿದ ಮಾತುಗಳಲ್ಲಿ ಇದು ಬಂಗಾರದಂಥದ್ದು. ಎರಡನ್ನೂ ಒಟ್ಟಿಗೆ ಮಾಡಿ ಏನಾದರೂ ಕೆಟ್ಟರೆ, ಕೆಟ್ಟದ್ದು ಯಾವುದರಿಂದ ಅಂತ ಹುಡುಕುವುದು ಹೇಗೆ?

ಶನಿವಾರ ರಾತ್ರಿ ಮುಖ್ಯವಾದ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿ, ಹಳೇ ಡಿಸ್ಕಿನ ಮೇಲೆ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸಲು ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಮುಗಿದಿತ್ತು. 1 ಟಿಬಿಯ ಡಿಸ್ಕಿನಲ್ಲಿ ತುಂಬಿದ್ದದ್ದು 300 ಜಿಬಿ. ಹಳೇ ಫೋಟೋ, ವಿಡಿಯೋ ತೆಗೆದ ಮೇಲೆ 180ಕ್ಕೆ ಇಳಿಯಿತು. ನಾನು ತಂದಿದ್ದ 500 ಜಿಬಿ ಎಸ್‌ಎಸ್‌ಡಿಗೆ ಧಾರಾಳವಾಗಿ ಸಾಲುತ್ತಿತ್ತು.

ಕ್ಯಾಬಿನೆಟ್ ಬಿಚ್ಚಿದೆ. ಆರು ವರ್ಷದ ಧೂಳು, ಮೂಲೆಯಲ್ಲಿ ಒಂದು ಜೇಡರ ಬಲೆ. ಬ್ರಷ್ಷಿನಲ್ಲಿ ಮೆಲ್ಲಗೆ ಒರೆಸಿ ನೋಡಿದರೆ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟೇನೋ ಖಾಲಿ ಇದೆ, ಹಾಕುವುದಕ್ಕೆ ಕೇಬಲ್ ಇಲ್ಲ. ಭಾನುವಾರ, ಅಂಗಡಿಗಳೆಲ್ಲ ಬಂದ್. ಕೊನೆಗೆ ಡಿವಿಡಿ ಡ್ರೈವಿನ ಕೇಬಲ್, ಕರೆಂಟಿನ ಪಿನ್ ಎರಡನ್ನೂ ಕಿತ್ತು ಎಸ್‌ಎಸ್‌ಡಿಗೆ ಹಾಕಿದೆ. ಪೇಜ್‌ಮೇಕರ್ ಈ ಕಂಪ್ಯೂಟರಿನ ಒಳಗೆ ಬಂದದ್ದು ಅದೇ ಡಿವಿಡಿ ಡ್ರೈವಿನಿಂದ. ಹೊಸ ಮನೆಗೆ ಹೋದದ್ದೂ ಅದೇ ಕೇಬಲ್ಲಿನಲ್ಲಿ. ಒಂದು ಗಳಿಗೆ ಕೇಬಲ್ಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ.

ಕ್ಲೋನ್ ಶುರುವಾಯಿತು. ಹೊರಗೆ ಮಳೆ. ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಅಂತು. ಬ್ಯಾಟರಿ ಬದಲಿಸಿ ಎರಡೇ ತಿಂಗಳಾಗಿತ್ತು, ಉಳಿದುಕೊಂಡೆ. ಹತ್ತು ನಿಮಿಷಕ್ಕೆ ಕರೆಂಟ್ ಬಂತು.

ಮುಗಿದ ಮೇಲೆ ಶಟ್‌ಡೌನ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಕಿತ್ತು, ಹೊಸದನ್ನು ಮಾತ್ರ ಬಿಟ್ಟೆ. ಇದನ್ನು ಮರೆಯಬಾರದು. ಕ್ಲೋನ್ ಆದ ಎರಡು ಡಿಸ್ಕಿಗೂ ಗುರುತಿನ ಸಂಖ್ಯೆ ಒಂದೇ ಇರಬಹುದು, ಎರಡೂ ಒಟ್ಟಿಗಿದ್ದರೆ ವಿಂಡೋಸಿಗೆ ಗೊಂದಲವಾಗುತ್ತದೆ. ಸ್ವಿಚ್ ಒತ್ತಿದೆ. ಕಪ್ಪು ಪರದೆ. ಬೂಟ್ ಆಗುವ ಡಿಸ್ಕೇ ಇಲ್ಲ ಅಂತ ಬಿಳಿ ಅಕ್ಷರದ ಒಂದು ಸಾಲು.

ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯಿತು. ಕೈ ನಡುಗುತ್ತಿದ್ದರೂ ಹಳೇ ಡಿಸ್ಕಿನ ಕೇಬಲ್ ಹಾಕಿ, ಹೊಸದರದ್ದು ಕಿತ್ತು, ಮತ್ತೆ ಸ್ವಿಚ್ ಒತ್ತಿದೆ. ಅದೇ ಗರಗರ, ಅದೇ ಟಿಕ್ ಟಿಕ್. ನಿಧಾನವಾಗಿ ನನ್ನ ಡೆಸ್ಕ್‌ಟಾಪ್ ಎದ್ದು ಬಂತು. ಎಷ್ಟೋ ದಿನದಿಂದ ಬೇಸರ ತಂದಿದ್ದ ಆ ಸದ್ದು ಅವತ್ತು ಕಿವಿಗೆ ಹಿತವಾಗಿತ್ತು. ನನ್ನದೇನೂ ಹೋಗಿರಲಿಲ್ಲ. ಎಲ್ಲವೂ ಇದ್ದಲ್ಲೇ ಇತ್ತು.

ತಪ್ಪು ಎಲ್ಲಾಯಿತು ಅಂತ ಆಮೇಲೆ ತಿಳಿಯಿತು. ನಾನು ಸಿ ಡ್ರೈವಿಗೆ ಮಾತ್ರ ಟಿಕ್ ಹಾಕಿದ್ದೆ. ಅದರ ಹಿಂದೆ "ಸಿಸ್ಟಮ್ ರಿಸರ್ವ್ಡ್" ಅಂತ ಹೆಸರಿನ ಸಣ್ಣ ಪಾರ್ಟಿಷನ್, ಅಂದರೆ ಡಿಸ್ಕಿನ ಬೇರೊಂದು ಭಾಗ, ಇರುತ್ತದೆ. ವಿಂಡೋಸನ್ನು ಎಬ್ಬಿಸುವ ಫೈಲುಗಳು ಇರುವುದು ಅದರಲ್ಲಿ. ಸಣ್ಣದು, ಬೇಡ ಅಂದುಕೊಂಡು ಬಿಟ್ಟಿದ್ದೆ. ಇಡೀ ಮನೆ ಸಾಗಿಸಿ ಬಾಗಿಲಿನ ಕೀಲಿಕೈ ಮರೆತ ಹಾಗೆ. ಎಲ್ಲದಕ್ಕೂ ಟಿಕ್ ಹಾಕಿ ಮತ್ತೆ ಕ್ಲೋನ್ ಮಾಡಿದೆ.

ಸಂಜೆ ಆರರ ಹೊತ್ತಿಗೆ ಹೊಸ ಡಿಸ್ಕಿನಿಂದ ವಿಂಡೋಸ್ 10 ಎದ್ದಿತು. ಇಪ್ಪತ್ತು ಸೆಕೆಂಡ್ ಕೂಡ ಆಗಲಿಲ್ಲ. ಸದ್ದೇ ಇಲ್ಲ! ಮೊದಲು ತೆರೆದದ್ದು ಜಾತ್ರೆಯ ಪತ್ರಿಕೆ. "ಕಾರ್ಯಕ್ರಮ" ಅನ್ನುವ ಪದವನ್ನು ದೊಡ್ಡದು ಮಾಡಿ ನೋಡಿದೆ. ಅರ್ಕಾವೊತ್ತು ಇದ್ದಲ್ಲಿ ಇತ್ತು, ಕ್ರ ಸರಿಯಾಗಿತ್ತು. ಒಂದು ಪ್ರಿಂಟ್ ತೆಗೆದು ಟೇಬಲ್ಲಿನ ಮೇಲಿಟ್ಟೆ.

ಒಂದು ವಾರ ಹಾಗೇ ಕೆಲಸ ಮಾಡಿದೆ. ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ, ಮನೆಯಲ್ಲಿ ಎಡೆ ಇಡುವುದಿತ್ತು. ಹಾಗಾಗಿ ಸೋಮವಾರ ಕೂತೆ. ಡಿಸ್ಕನ್ನು ಭಾಗ ಮಾಡಿಡುವುದರಲ್ಲಿ ನನ್ನದು ಹಳೆಯ ಎಂಬಿಆರ್ ಪದ್ಧತಿ. ವಿಂಡೋಸ್ 11ಕ್ಕೆ ಬೇಕಾದದ್ದು ಯುಇಎಫ್‌ಐ, ಕಂಪ್ಯೂಟರನ್ನು ಎಬ್ಬಿಸುವ ಹೊಸ ವಿಧಾನ. ಅದಕ್ಕೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಪದ್ಧತಿಗೆ ಬರಬೇಕು. ವಿಂಡೋಸ್ 10ರ ಒಳಗೇ ಎಂಬಿಆರ್‌ಟುಜಿಪಿಟಿ ಅನ್ನುವ ಕಮಾಂಡ್ ಇದೆ, ಫೈಲು ಅಳಿಸದೆ ಬದಲಿಸಿ ಕೊಡುತ್ತದೆ. ಮೊದಲು ವ್ಯಾಲಿಡೇಟ್ ಕೊಟ್ಟು ನೋಡಿ ಆಮೇಲೆ ಕನ್ವರ್ಟ್ ಕೊಟ್ಟೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಯುಇಎಫ್‌ಐಗೆ ತಿರುಗಿಸಿ, ಇಂಟೆಲ್ ಪಿಟಿಟಿ ಆನ್ ಮಾಡಿದೆ. ವಿಂಡೋಸ್ 11 ಭದ್ರತೆಗೆ ಟಿಪಿಎಂ 2.0 ಅಂತ ಕೇಳುತ್ತದಲ್ಲ, ನನ್ನ ಬೋರ್ಡಿನಲ್ಲಿ ಅದು ಈ ಹೆಸರಿನಲ್ಲಿ ಮಲಗಿತ್ತು. ಉಳಿದದ್ದೆಲ್ಲ ಅಪ್‌ಗ್ರೇಡ್ ತಾನೇ ನೋಡಿಕೊಂಡಿತು. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಕ್ಕೆ ಹೋಗಬಹುದು ಅಂತಲೂ ಇದೆ, ನನಗೆ ಬೇಕಾಗಲಿಲ್ಲ. ವಾರದ ಹಿಂದೆ ತೆಗೆದಿಟ್ಟ ಪ್ರಿಂಟನ್ನು ಪಕ್ಕದಲ್ಲಿಟ್ಟು ಜಾತ್ರೆಯ ಫೈಲ್ ತೆರೆದೆ. ಅಕ್ಷರಕ್ಕೆ ಅಕ್ಷರ ಹೊಂದಿತು.

ಆಯುಧ ಪೂಜೆಗೆ ಪ್ರಿಂಟರ್, ಕತ್ತರಿ, ಪೇಪರ್ ಕಟರ್ ಎಲ್ಲಕ್ಕೂ ಕುಂಕುಮ ಇಟ್ಟೆವು. ಕೀಬೋರ್ಡ್ ಪಕ್ಕದಲ್ಲಿ ಹಳೇ ಡಿಸ್ಕನ್ನೂ ಇಟ್ಟು ಒಂದು ಸೇವಂತಿಗೆ ಏರಿಸಿದೆ. ಹೆಂಡತಿ ನೋಡಿದಳು, ಏನೂ ಕೇಳಲಿಲ್ಲ. ಪೂಜೆ ಮುಗಿದ ಮೇಲೆ ಒಂದು ಚೀಟಿ ಅಂಟಿಸಿ ಡ್ರಾಯರಿಗೆ ಸೇರಿಸಿದೆ. ಚೀಟಿಯಲ್ಲಿ ಬರೆದದ್ದು ಇಷ್ಟು: "14-9-2025ರವರೆಗಿನ ಎಲ್ಲ ಕೆಲಸ. ಅಳಿಸಬಾರದು."