ಅಜಿಥ್ರೊಮೈಸಿನ್ ಬಗ್ಗೆ ಪುಟ್ಟಿ ಕೇಳಿದ್ದು

ನವೆಂಬರ್ 18, 2025, ಮಂಗಳವಾರ

ರಾತ್ರಿ ಪುಟ್ಟಿ ಫೋನ್ ಮಾಡಿದ್ದಳು. ಪಿ.ಜಿ. ಸೆಮಿನಾರಿಗೆ ಅವಳ ಪಾಲಿಗೆ ಬಂದಿರುವುದು ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಮೇಲಿನ ಮಾರ್ಡಾರ್ ಅಧ್ಯಯನ. "ಚಿಕ್ಕಮ್ಮ, ಆರು ತಿಂಗಳಿಗೊಂದು ಡೋಸ್ ಕೊಟ್ಟರೆ ಮಕ್ಕಳು ಉಳೀತಾರೆ ಅಂತ ಗೊತ್ತಾದ ಮೇಲೂ ರೆಸಿಸ್ಟೆನ್ಸ್ ರೆಸಿಸ್ಟೆನ್ಸ್ ಅಂತ ಯಾಕೆ ಹಿಂದೆಮುಂದೆ ನೋಡ್ತಾರೆ?" ಅಂದಳು. ರೆಸಿಸ್ಟೆನ್ಸ್ ಅಂದರೆ ಪ್ರತಿರೋಧ, ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುವುದು. ಫೋನಿನಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ.

ಅವಳ ಸಿಟ್ಟು ನ್ಯಾಯವಾದದ್ದೇ. ಆ ಅಧ್ಯಯನದಲ್ಲಿ ಆಫ್ರಿಕಾದ ನೈಜರ್, ಮಲಾವಿ, ತಾಂಜಾನಿಯಾಗಳ ಹಳ್ಳಿಗಳಲ್ಲಿ 1ರಿಂದ 59 ತಿಂಗಳ ಮಕ್ಕಳಿಗೆಲ್ಲ, ಕಾಯಿಲೆ ಇರಲಿ ಇಲ್ಲದಿರಲಿ, ವರ್ಷಕ್ಕೆರಡು ಸಲ ಅಜಿಥ್ರೊಮೈಸಿನ್ ಕುಡಿಸಿದರು. 2018ರಲ್ಲಿ ಫಲಿತಾಂಶ ಬಂತು: ಒಟ್ಟಾರೆ ಸಾವು ಶೇ. 13.5ರಷ್ಟು ಕಡಿಮೆ. ನೈಜರ್ ಒಂದರಲ್ಲೇ ಶೇ. 18.1. ಐದು ತಿಂಗಳೊಳಗಿನ ಕೂಸುಗಳಲ್ಲಿ ಸುಮಾರು ಕಾಲುಭಾಗ. ಇದನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಮಾತೇ ಬೇಡ.

ಕೊಡುವ ಕ್ರಮವೂ ಸರಳ. ಕೆ.ಜಿ.ಗೆ 20 ಮಿ.ಗ್ರಾಂ, ಒಂದೇ ಸಲ. ಐದು ಮಿಲೀಗೆ 200 ಮಿ.ಗ್ರಾಂ ಇರುವ ಸಿರಪ್ ಆದರೆ ಕೆ.ಜಿ.ಗೆ ಅರ್ಧ ಮಿಲೀ, ನಾಲ್ಕು ಕೆ.ಜಿ. ಕೂಸಿಗೆ ಎರಡು ಮಿಲೀ. ನಿಲ್ಲಬಲ್ಲ ಮಕ್ಕಳಿಗೆ ತಕ್ಕಡಿ ಬೇಕಿಲ್ಲ, ಗುರುತು ಹಾಕಿದ ಕೋಲಿಗೆ ಆನಿಸಿ ಎತ್ತರ ನೋಡಿದರೆ ಸಾಕು. ಹುಟ್ಟಿ ತಿಂಗಳು ತುಂಬದ ಕೂಸಿಗೆ ಕೊಡುವುದಿಲ್ಲ, ಜಠರದ ಕೆಳಬಾಯಿ ದಪ್ಪಗಾಗಿ ಹಾಲೆಲ್ಲ ವಾಂತಿಯಾಗುವ ತೊಂದರೆಯ ಭಯ. ಅಳುವ ಮಗುವಿನ ಮೂಗು ಹಿಡಿದು ಸುರಿಯಲೇಬಾರದು. ಔಷಧಿ ಶ್ವಾಸನಾಳಕ್ಕೆ ಹೋಗುತ್ತದೆ.

ಇನ್ನು ಇದೇ ಮಗುವಿನ ಮೂಗಿನೊಳಗೆ ಏನಾಗುತ್ತದೆ ಎನ್ನುವುದು.

ಅಜಿಥ್ರೊಮೈಸಿನ್ ದೇಹದಲ್ಲಿ ಬಹಳ ಕಾಲ ನಿಲ್ಲುತ್ತದೆ. ಅರ್ಧ ಕರಗಲು ಸುಮಾರು 68 ಗಂಟೆ. ಒಂದೇ ಡೋಸ್ ಸಾಕಾಗುವುದು ಅದಕ್ಕೇ, ತೊಂದರೆಯೂ ಅದರಿಂದಲೇ. ಮಟ್ಟ ನಿಧಾನಕ್ಕೆ ಇಳಿಯುವಾಗ, ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸಾಯುವಷ್ಟು ಆದರೆ ಪ್ರತಿರೋಧಿ ತಳಿಗೆ ಏನೂ ಆಗದಷ್ಟು ಔಷಧಿ ದಿನಗಟ್ಟಲೆ ಉಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಬೆಳೆಯುವುದು ಆ ತಳಿ. ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳಲ್ಲಿ ಟ್ರಕೋಮಾ ಎಂಬ ಕಣ್ಣಿನ ಸೋಂಕಿಗೆಂದು ಇದನ್ನು ಕೊಟ್ಟಾಗ, 1997ರ ವರದಿಯ ಪ್ರಕಾರ, ಎರಡು ಮೂರು ವಾರಗಳಲ್ಲಿ ಪ್ರತಿರೋಧಿ ನ್ಯುಮೊಕಾಕಸ್ (ಮೂಗಿನಲ್ಲಿ ವಾಸಿಸುವ, ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ) ಶೇ. 2ರ ಆಸುಪಾಸಿನಿಂದ ಅರ್ಧಕ್ಕಿಂತ ಮೇಲೇರಿತು. ಆರು ತಿಂಗಳಿಗೆ ಬಹುಪಾಲು ಇಳಿಯಿತು. ಸಮಾಧಾನಪಡುವ ಸಂಗತಿಯೇ. ಆದರೆ ಸಾಮೂಹಿಕ ಹಂಚಿಕೆಯಲ್ಲಿ ಮುಂದಿನ ಡೋಸ್ ಬರುವುದೂ ಸರಿಯಾಗಿ ಆರು ತಿಂಗಳಿಗೆ.

ನೈಜರ್‌ನ 30 ಊರುಗಳಲ್ಲಿ ಅಳೆದದ್ದು ಇದನ್ನೇ. ಎರಡು ವರ್ಷ, ನಾಲ್ಕು ಡೋಸ್ ಆದ ಮೇಲೆ ಔಷಧಿ ಕೊಟ್ಟ ಊರುಗಳಲ್ಲಿ ಮ್ಯಾಕ್ರೊಲೈಡ್‌ಗೆ, ಅಂದರೆ ಅಜಿಥ್ರೊಮೈಸಿನ್ ಸೇರಿದ ಗುಂಪಿಗೆ, ಬಗ್ಗದ ನ್ಯುಮೊಕಾಕಸ್ ಶೇ. 12.3, ಪ್ಲಸೀಬೊ (ಔಷಧಿಯಿಲ್ಲದ ಸಿರಪ್) ಕೊಟ್ಟ ಊರುಗಳಲ್ಲಿ ಶೇ. 2.9. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮ್ಯಾಕ್ರೊಲೈಡ್ ಪ್ರತಿರೋಧದ ಜೀನ್‌ಗಳು ಏಳು ಪಟ್ಟಿಗೂ ಮೇಲೆ. ನಾಲ್ಕು ವರ್ಷಕ್ಕೂ ಅಷ್ಟೇ ಎತ್ತರದಲ್ಲಿ. ನನ್ನನ್ನು ಹೆಚ್ಚು ಕಾಡುವುದು ಮೂರನೇ ವರ್ಷದ ಇನ್ನೊಂದು ಸಂಖ್ಯೆ: ಬೀಟಾ-ಲ್ಯಾಕ್ಟಮ್ ಪ್ರತಿರೋಧದ ಜೀನ್‌ಗಳೂ ಎರಡು ಪಟ್ಟು. ಕೊಟ್ಟದ್ದು ಅಜಿಥ್ರೊಮೈಸಿನ್, ಕೆಡುವ ಸೂಚನೆ ಅಮಾಕ್ಸಿಸಿಲಿನ್ ಗುಂಪಿಗೆ! ಬೇರೆ ಬೇರೆ ಔಷಧಿಗಳ ಪ್ರತಿರೋಧದ ಜೀನ್‌ಗಳು ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸುವ ಪುಟ್ಟ ಡಿ.ಎನ್.ಎ. ಉಂಗುರ) ಮೇಲೆ ಕೂತಿದ್ದರೆ ಒಂದನ್ನು ಆರಿಸಿದಾಗ ಮತ್ತೊಂದೂ ಜೊತೆಗೆ ಬರುತ್ತದೆ. ಆ ಊರಿನ ಮಗುವಿಗೆ ನ್ಯುಮೋನಿಯಾ ಆದರೆ ಆರೋಗ್ಯ ಕೇಂದ್ರದಲ್ಲಿ ಮೊದಲು ಸಿಗುವ ಔಷಧಿ ಅಮಾಕ್ಸಿಸಿಲಿನ್ನೇ.

ಪುಟ್ಟಿ, ಸ್ಲೈಡಿನಲ್ಲಿ 12.3, 2.9 ಅಂತ ಹಾಕಿ ಮುಂದೆ ಹೋಗಬೇಡ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ನೋಡು. ಸ್ವಾಬನ್ನು, ಅಂದರೆ ಮಾದರಿ ತೆಗೆಯುವ ತೆಳು ಕಡ್ಡಿಯನ್ನು, ಮೂಗಿನ ತಳಕ್ಕೆ ಸಮಾನಾಂತರವಾಗಿ ಹಿಂದಿನ ಗೋಡೆಯವರೆಗೆ ಹಾಕಬೇಕು, ಹೊಳ್ಳೆಯ ಅಂಚಿನಲ್ಲಿ ಸವರಿದರೆ ನ್ಯುಮೊಕಾಕಸ್ ಸಿಗುವುದಿಲ್ಲ. ಕೆನೆ ತೆಗೆದ ಹಾಲಿನಪುಡಿ, ಟ್ರಿಪ್ಟೋನ್, ಗ್ಲೂಕೋಸ್, ಗ್ಲಿಸರಾಲ್ ಇರುವ ದ್ರಾವಣಕ್ಕೆ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನಿಂದ ಒಂದೇ ಕಾಲನಿ (ಒಂದು ಚುಕ್ಕೆಯಾಗಿ ಬೆಳೆದ ಗುಂಪು) ಎತ್ತಿದರೆ, ಅದೇ ಮೂಗಿನಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಪ್ರತಿರೋಧಿ ತಳಿ ತಪ್ಪಿಹೋಗುತ್ತದೆ. ಪ್ಲೇಟಿನ ಮೇಲೆ 15 ಮೈಕ್ರೊಗ್ರಾಂ ಎರಿಥ್ರೊಮೈಸಿನ್ (ಇದೂ ಮ್ಯಾಕ್ರೊಲೈಡೇ) ಡಿಸ್ಕಿನ ಪಕ್ಕ 2 ಮೈಕ್ರೊಗ್ರಾಂ ಕ್ಲಿಂಡಾಮೈಸಿನ್ ಡಿಸ್ಕ್ ಇಡು. ಕ್ಲಿಂಡಾಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಎರಿಥ್ರೊಮೈಸಿನ್ ಕಡೆಗೆ ಚಪ್ಪಟೆಯಾದರೆ ಎರ್ಮ್ ಜೀನ್, ಔಷಧಿ ಅಂಟುವ ರೈಬೊಸೋಮ್ ಬದಲಾಗಿದೆ, ಎರಡೂ ಔಷಧಿ ಹೋದಂತೆ. ಪೂರ್ತಿ ದುಂಡಗಿದ್ದರೆ ಸಾಮಾನ್ಯವಾಗಿ ಮೆಫ್, ಔಷಧಿಯನ್ನು ಹೊರಗೆ ಪಂಪ್ ಮಾಡುವ ಬಗೆ, ಕ್ಲಿಂಡಾಮೈಸಿನ್ ಇನ್ನೂ ಕೆಲಸ ಮಾಡುತ್ತದೆ. ಇ-ಸ್ಟ್ರಿಪ್ (ಔಷಧಿಯ ಪ್ರಮಾಣ ಏರುತ್ತ ಹೋಗುವ ಪಟ್ಟಿ) ಹಾಕಿ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇಟ್ಟರೆ ಮಾಧ್ಯಮ ಆಮ್ಲೀಯವಾಗಿ ಮ್ಯಾಕ್ರೊಲೈಡ್‌ನ ಶಕ್ತಿ ಕುಗ್ಗುತ್ತದೆ, ಎಂ.ಐ.ಸಿ., ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, ಇದ್ದದ್ದಕ್ಕಿಂತ ಮೇಲೆ ಓದುತ್ತದೆ. ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ.

"ಹಾಗಾದ್ರೆ ರಾಯಚೂರು, ಯಾದಗಿರಿಗೂ ಯಾಕೆ ಕೊಡಬಾರದು?" ಅಂತಲೂ ಕೇಳಿದಳು. ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ 80 ದಾಟಿರುವ, ಅಥವಾ ಶಿಶು ಮರಣ 60 ದಾಟಿರುವ ಜಾಗಗಳಿಗೆ. ಕರ್ನಾಟಕ ಅದಕ್ಕಿಂತ ಬಹಳ ಕೆಳಗಿದೆ. ಮೂರು ಮಾತ್ರೆಯ ಅಜಿಥ್ರೊಮೈಸಿನ್ ಪಟ್ಟಿ ಚೀಟಿಯಿಲ್ಲದೆ ಸಿಗುವ ನಮ್ಮಲ್ಲಿ, ಸಿಪ್ರೊಫ್ಲಾಕ್ಸಸಿನ್ ಸೋತ ಟೈಫಾಯ್ಡ್‌ಗೆ ಬಾಯಿಂದ ಕೊಡಬಹುದಾದ ಔಷಧಿಗಳಲ್ಲಿ ಮುಖ್ಯವಾದದ್ದು ಇದು. ಅದನ್ನು ಕಳೆದುಕೊಳ್ಳುವಷ್ಟು ಶ್ರೀಮಂತರಲ್ಲ ನಾವು.

ಅದೇ ಸಂಸ್ಥೆ ಪ್ರತಿರೋಧದ ಭಯಕ್ಕೆ 1ರಿಂದ 11 ತಿಂಗಳವರಿಗೆ ಮಾತ್ರ ಎಂದು ಮಿತಿ ಹಾಕಿತು. ಕಡಿಮೆ ಮಕ್ಕಳಿಗೆ ಕೊಟ್ಟರೆ ಕಡಿಮೆ ಒತ್ತಡ. ನನಗೂ ಆಗ ಸರಿ ಎನಿಸಿತ್ತು. 2024ರಲ್ಲಿ ನೈಜರ್‌ನಿಂದಲೇ ಅವನೀರ್ ಅಧ್ಯಯನ ಬಂತು. 59 ತಿಂಗಳವರೆಗಿನ ಎಲ್ಲರಿಗೂ ಕೊಟ್ಟ ಊರುಗಳಲ್ಲಿ ಸಾವು ಶೇ. 14 ಕಡಿಮೆ. ಶಿಶುಗಳಿಗೆ ಮಾತ್ರ ಕೊಟ್ಟ ಕಡೆ ಶಿಶುಗಳ ಸಾವು ಶೇ. 6 ಕಡಿಮೆ, ಅದೂ ಆಕಸ್ಮಿಕವಲ್ಲ ಎನ್ನಲಾಗದಷ್ಟು. ಹಾಗಾದರೆ ಕೂಸನ್ನು ಉಳಿಸುವುದರಲ್ಲಿ ಅಣ್ಣ ಅಕ್ಕಂದಿರ ಡೋಸ್‌ಗೂ ಪಾಲಿದೆಯೇ? ಇದ್ದರೆ, ಪ್ರತಿರೋಧ ತಗ್ಗಿಸಲು ನಾವು ಕತ್ತರಿಸಿದ್ದು ಉಪಯೋಗದ ಭಾಗವನ್ನೇ. ಎಲ್ಲರಿಗೂ ಕೊಡುವುದೇ ಆದರೆ, ಔಷಧಿಯ ಬಜೆಟ್ಟಿನ ಜೊತೆಗೇ ಸ್ವಾಬ್, ಫ್ರೀಜರ್, ಲ್ಯಾಬಿನ ಜನ, ಐದಾರು ವರ್ಷದ ಸಂಬಳ ಇಷ್ಟೂ ಬರೆದಿರಬೇಕು. ಎಷ್ಟು ಪ್ರತಿರೋಧ ಕಂಡರೆ ಹಂಚಿಕೆ ನಿಲ್ಲಿಸುತ್ತೇವೆ ಎನ್ನುವ ಗೆರೆಯನ್ನೂ ಮೊದಲೇ. ಆ ಗೆರೆ ಶೇ. 12ಕ್ಕೋ 30ಕ್ಕೋ, ಮೂಗಿನದ್ದೋ ಕರುಳಿನದ್ದೋ, ಇಲ್ಲಾ ಆಸ್ಪತ್ರೆಗೆ ಬಂದ ಮಗುವಿನ ರಕ್ತದ್ದೋ, ಪುಟ್ಟಿಯ ಸೆಮಿನಾರಿನಲ್ಲಿ ಯಾರಾದರೂ ಇದನ್ನು ಕೇಳಿದರೆ ಒಳ್ಳೆಯದು.