ಮಿಸ್ ಪ್ಯಾಕ್-ಮ್ಯಾನ್ ಮಾನಿಟರ್ ರಿಪೇರಿ: ಇಲ್ಲಿಯವರೆಗಿನ ಕೆಲಸ

ಶಿಕಾಗೋ ಪಕ್ಕದ ನಮ್ಮ ಮನೆಯ ಗರಾಜಿನಲ್ಲಿ ಈಗ ಕಾರಿಗೆ ಜಾಗ ಇಲ್ಲ. ಮಿಸ್ ಪ್ಯಾಕ್-ಮ್ಯಾನ್ ಕ್ಯಾಬಿನೆಟ್ ನಿಂತಿದೆ. ಕಾಯಿನ್ ಹಾಕಿ ಆಡುವ 1982ರ ವಿಡಿಯೋ ಆಟ. ಅದನ್ನು ತಯಾರಿಸಿದ ಮಿಡ್‌ವೇ ಕಂಪನಿ ಆಗ ಇದ್ದದ್ದು ಇಲ್ಲೇ ಹತ್ತಿರದ ಫ್ರಾಂಕ್ಲಿನ್ ಪಾರ್ಕ್‌ನಲ್ಲಿ. ಒಳಗಿನ 19 ಇಂಚಿನ ಬಣ್ಣದ ಮಾನಿಟರ್ ಮಾತ್ರ ಕೆನಡಾದ್ದು, ಎಲೆಕ್ಟ್ರೋಹೋಮ್ ಜಿ07. ಕಾಯಿನ್ ಹಾಕಿದರೆ ಸಂಗೀತ ಬರುತ್ತದೆ, ಆಟವೂ ಶುರುವಾಗುತ್ತದೆ. ತೆರೆಯ ಮೇಲೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಗೆರೆ.

ನಿಂತ ಗೆರೆ

ಟೀವಿ ರಿಪೇರಿ ಗೊತ್ತಿದ್ದವರಿಗೆ ಈ ಗೆರೆ ದಾರಿ ತಪ್ಪಿಸಬಹುದು. ಪ್ಯಾಕ್-ಮ್ಯಾನ್ ಜಾತಿಯ ಆಟಗಳಲ್ಲಿ ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಚಿತ್ರ 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಹಾಗಾಗಿ ನಮ್ಮ ಕಣ್ಣಿಗೆ ನಿಂತ ಗೆರೆ ಅನ್ನಿಸಿದ್ದು ಮಾನಿಟರ್ ಲೆಕ್ಕದಲ್ಲಿ ಅಡ್ಡಗೆರೆ. ಅಂದರೆ ಹೋಗಿರುವುದು ವರ್ಟಿಕಲ್ ಸೆಕ್ಷನ್, ಕಿರಣವನ್ನು ಮೇಲೆ-ಕೆಳಗೆ ಹರಡಿಸುವ ಭಾಗ. ಅಡ್ಡಕ್ಕೆ ಹರಡಿಸುವ ಹಾರಿಜಾಂಟಲ್ ಔಟ್‌ಪುಟ್ ಸತ್ತಿದ್ದರೆ ಹೈ ವೋಲ್ಟೇಜೇ ಹುಟ್ಟುತ್ತಿರಲಿಲ್ಲ, ತೆರೆ ಪೂರ್ತಿ ಕಪ್ಪಾಗಿರುತ್ತಿತ್ತು.

ಇಂಥ ಗೆರೆ ಕಂಡ ತಕ್ಷಣ ಬ್ರೈಟ್‌ನೆಸ್ ಇಳಿಸಬೇಕು, ಇಲ್ಲವೇ ಸ್ವಿಚ್ ಆಫ್ ಮಾಡಬೇಕು. ಇಡೀ ತೆರೆಗೆ ಹಂಚಿಹೋಗಬೇಕಾದ ಕಿರಣ ಒಂದೇ ಗೆರೆಯ ಮೇಲೆ ಬಿದ್ದರೆ ತೆರೆಯ ಒಳಗಿನ ಬೆಳಗುವ ಲೇಪ, ಫಾಸ್ಫರ್, ಅಲ್ಲೇ ಸುಟ್ಟುಹೋಗುತ್ತದೆ.

ಕರೆಂಟ್ ಎಲ್ಲೆಲ್ಲಿ ಕೂತಿರುತ್ತದೆ

ನನ್ನ ಮಾವನವರು ಮೈಸೂರಿನಲ್ಲಿ ಬಹಳ ವರ್ಷ ಟೀವಿ ರಿಪೇರಿ ಅಂಗಡಿ ಇಟ್ಟಿದ್ದವರು. ಈಗ ನಮ್ಮ ಜೊತೆ ಇದ್ದಾರೆ. ಅವರು ಇಲ್ಲದಿದ್ದರೆ ಈ ಹಿಂಬಾಗಿಲನ್ನು ನಾನು ತೆಗೆಯುತ್ತಿರಲಿಲ್ಲ. ಹೈ ವೋಲ್ಟೇಜ್ ಇರುವ ಕಡೆ ಒಬ್ಬರೇ ಕೆಲಸ ಮಾಡಬಾರದು. ಇದು ಅವರ ಮೊದಲ ನಿಯಮ, ಈಗ ನನ್ನದೂ.

ಪ್ಲಗ್ ಕಿತ್ತಿಟ್ಟ ಮೇಲೂ ಈ ಮಾನಿಟರ್‌ನಲ್ಲಿ ಎರಡು ಕಡೆ ಕರೆಂಟ್ ಉಳಿದಿರುತ್ತದೆ. ಒಂದು ಎಲ್ಲರಿಗೂ ಗೊತ್ತು: ಪಿಕ್ಚರ್ ಟ್ಯೂಬ್. ಟ್ಯೂಬಿನ ಒಳಗಡೆ ಒಂದು ಲೇಪ, ಹೊರಗಡೆ ಕಪ್ಪು ಗ್ರಾಫೈಟ್ ಲೇಪ, ನಡುವೆ ದಪ್ಪ ಗಾಜು. ಅದೇ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಕಂಡೆನ್ಸರ್. ಈ ಅಳತೆಯ ಬಣ್ಣದ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್ ಮೇಲೇ ಇರುತ್ತದೆ. ಎರಡನೆಯದು ಚಾಸಿ (ಮಾನಿಟರಿನ ಬೋರ್ಡ್ ಮತ್ತು ಅದರ ಲೋಹದ ಚೌಕಟ್ಟು) ಮೇಲಿನ ದೊಡ್ಡ ಫಿಲ್ಟರ್ ಕಂಡೆನ್ಸರ್. 120 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ 160-170 ವೋಲ್ಟ್ ಅದರಲ್ಲಿ ತುಂಬಿಕೊಳ್ಳುತ್ತದೆ.

ಜನ ಟ್ಯೂಬಿಗೆ ಹೆದರುತ್ತಾರೆ, ಕಂಡೆನ್ಸರ್ ಕಡೆ ತಿರುಗಿಯೂ ನೋಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಟ್ಯೂಬಿನ ಚಾರ್ಜ್ ಹಿಡಿಯುವ ಶಕ್ತಿ (ಕೆಪಾಸಿಟೆನ್ಸ್) ಒಂದೆರಡು ನ್ಯಾನೋಫ್ಯಾರಡ್ ಅಷ್ಟೇ. 1.5 ನ್ಯಾನೋಫ್ಯಾರಡ್, 22 ಸಾವಿರ ವೋಲ್ಟ್ ಎಂದಿಟ್ಟುಕೊಂಡರೆ ಸುಮಾರು 0.36 ಜೂಲ್. 330 ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ 160 ವೋಲ್ಟ್ ಇದ್ದರೆ 4.2 ಜೂಲ್. ಹತ್ತು ಪಟ್ಟಿಗೂ ಜಾಸ್ತಿ! ಟ್ಯೂಬ್ ಹೊಡೆದರೆ ಕೈ ಎಗರುತ್ತದೆ, ಎಗರಿದ ಕೈ ಟ್ಯೂಬಿನ ಕುತ್ತಿಗೆಗೆ ಬಡಿದರೆ ಗಾಜು ಒಡೆಯುತ್ತದೆ, ಅದು ದೊಡ್ಡ ಅಪಾಯ. ಆದರೆ ಬೋರ್ಡ್ ಕೈಗೆತ್ತಿಕೊಂಡಾಗ ಬೆರಳಿಗೆ ಸಿಗುವುದು ಕಂಡೆನ್ಸರಿನ ಕಾಲು. ಅದನ್ನು ತಾನಾಗಿ ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಕೆಟ್ಟು ಓಪನ್ ಆಗಿದ್ದರಂತೂ ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿರುತ್ತದೋ ಹೇಳಲಾಗದು. ಈ ಬರಹ ಓದಿ ಯಾರಾದರೂ ಒಂದೇ ಒಂದು ಹೊಸ ಅಭ್ಯಾಸ ಮಾಡಿಕೊಳ್ಳುವುದಾದರೆ ಅದು ಇದಾಗಲಿ: ಟ್ಯೂಬ್ ಆದ ಮೇಲೆ ಕಂಡೆನ್ಸರ್ ಅನ್ನೂ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿ.

ಇಳಿಸಿದ್ದು ಹೀಗೆ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತೆವು. ಉಂಗುರ, ವಾಚ್ ತೆಗೆದಿಟ್ಟೆ. ಕಣ್ಣಿಗೆ ಕನ್ನಡಕ, ಕಾಲಿಗೆ ರಬ್ಬರ್ ಅಟ್ಟೆಯ ಶೂ. ಕಂಪ್ಯೂಟರ್ ರಿಪೇರಿಯಲ್ಲಿ ಕಟ್ಟಿಕೊಳ್ಳುವ ಆಂಟಿಸ್ಟ್ಯಾಟಿಕ್ ಪಟ್ಟಿ ಇಲ್ಲಿ ಬೇಡವೇ ಬೇಡ. ಅದು ನಮ್ಮನ್ನೇ ಅರ್ಥ್‌ಗೆ ಜೋಡಿಸುತ್ತದೆ.

ಉದ್ದನೆಯ, ತೆಳು ಬಾಯಿಯ ಸ್ಕ್ರೂಡ್ರೈವರ್. ಹಿಡಿ ಪೂರ್ತಿ ಪ್ಲಾಸ್ಟಿಕ್, ಎಲ್ಲೂ ಬಿರುಕಿಲ್ಲ. ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಇರುವ ವೈರ್. ಒಂದು ಕ್ಲಿಪ್ ಟ್ಯೂಬಿನ ಬೆನ್ನಿಗೆ ಎಳೆದು ಕಟ್ಟಿರುವ ಜಡೆಯಂಥ ಬರಿ ತಂತಿಗೆ, ಇನ್ನೊಂದು ಸ್ಕ್ರೂಡ್ರೈವರ್ ಕಂಬಿಗೆ. ಗ್ರಾಫೈಟ್ ಲೇಪಕ್ಕೆ ಒತ್ತಿಕೊಂಡಿರುವುದು ಆ ತಂತಿಯೇ. ಬೋರ್ಡಿನ ಯಾವುದೋ ಗ್ರೌಂಡಿಗೆ ಕ್ಲಿಪ್ ಹಾಕಿದರೆ ಆ ಹೊಡೆತವೆಲ್ಲ ಸಣ್ಣ ಸಣ್ಣ ಟ್ರಾನ್ಸಿಸ್ಟರ್‌ಗಳ ಮೂಲಕ ಹೋಗಬಹುದು. ಕ್ಲಿಪ್ ಮೊದಲು, ಸ್ಕ್ರೂಡ್ರೈವರ್ ಆಮೇಲೆ. ಈ ಕ್ರಮ ಅದಲುಬದಲಾಗಬಾರದು.

"ಎಡಗೈ ಬೆನ್ನ ಹಿಂದೆ ಇಟ್ಕೊಳ್ಳಿ" ಅಂದರು ಮಾವ. ಎರಡೂ ಕೈ ಮಾನಿಟರ್ ಮೇಲಿದ್ದರೆ ಕರೆಂಟ್ ಎದೆ ದಾಟಿ ಹೋಗುತ್ತದೆ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಕೆಂಪು ವೈರ್ ಟ್ಯೂಬ್ ಸೇರುವ ಕಡೆ ಇರುವ ರಬ್ಬರ್ ಟೋಪಿಯ ಕೆಳಗೆ ನಿಧಾನವಾಗಿ ತೂರಿಸಿದೆ. ಗಾಜಿಗೆ ಒತ್ತಲಿಲ್ಲ, ಗಾಜಿನ ಮೇಲೆ ಜಾರಿಸಿದೆ. ಒಳಗಿನ ಲೋಹದ ಕೊಕ್ಕೆಗೆ ತಾಗಿದಾಗ ಚಟ್ ಎಂದಿತು.

"ಆಯ್ತಲ್ವಾ?" ಅಂದೆ.

"ಇಲ್ಲ, ಸ್ವಲ್ಪ ಬಿಟ್ಟು ಇನ್ನೊಂದ್ಸಲ ಮಾಡಿ. ಮತ್ತೆ ತುಂಬ್ಕೊಳತ್ತೆ."

ಅದು ನಿಜ. ಗಾಜಿನೊಳಗೆ ನೆನೆದು ಕೂತ ಚಾರ್ಜ್ ಒಂದೇ ಏಟಿಗೆ ಪೂರ್ತಿ ಹೊರಬರುವುದಿಲ್ಲ. ಕೆಲವು ನಿಮಿಷದಲ್ಲಿ ವೋಲ್ಟೇಜ್ ಮತ್ತೆ ಒಂದಿಷ್ಟು ಏರುತ್ತದೆ. ಕಾಫಿ ಕುಡಿದು ಬಂದು ಮತ್ತೆ ತೂರಿಸಿದಾಗ ಸಣ್ಣಗೆ ಇನ್ನೊಂದು ಚಟ್. ಆಮೇಲೆ ಸದ್ದಿಲ್ಲ. ಸದ್ದು ಬರಲಿಲ್ಲ ಅಂತ ಖಾಲಿಯಾಗಿದೆ ಎಂದು ನಂಬಬಾರದು. ಕ್ಲಿಪ್ ಸಡಿಲವಾಗಿದ್ದರೂ ಸದ್ದು ಬರುವುದಿಲ್ಲ. ಆಗ ಎರಡೂ ಕ್ಲಿಪ್ ಅಲುಗಿಸಿ ನೋಡಿ, ಇನ್ನೊಮ್ಮೆ ಮಾಡಿ. ಮಾಮೂಲಿ ಮಲ್ಟಿಮೀಟರಿನ ಕಡ್ಡಿಯನ್ನು ಮಾತ್ರ ಆ ಟೋಪಿಯ ಹತ್ತಿರಕ್ಕೂ ತರಬೇಡಿ. ಅದಕ್ಕೆ ಬೇರೆಯೇ ಹೈ ವೋಲ್ಟೇಜ್ ಪ್ರೋಬ್ ಬೇಕು.

ಫಿಲ್ಟರ್ ಕಂಡೆನ್ಸರನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದು ಕೆಟ್ಟ ಪದ್ಧತಿ. ಕಿಡಿ ಹಾರುತ್ತದೆ, ಬೋರ್ಡಿನ ತಾಮ್ರವೂ ಎದ್ದು ಬರಬಹುದು. ಮಾವ ಹಳೇ ಫಿಲಮೆಂಟ್ ಬಲ್ಬಿಗೆ ಇನ್ಸುಲೇಶನ್ ಇರುವ ಎರಡು ಕಡ್ಡಿ ಕಟ್ಟಿ ಕಂಡೆನ್ಸರಿನ ಕಾಲುಗಳಿಗೆ ಮುಟ್ಟಿಸಿದರು. ಬಲ್ಬ್ ಒಂದು ಕ್ಷಣ ಮಿಣುಕಿ ಆರಿತು. ಮೀಟರ್ ಇಟ್ಟಾಗ ಎರಡು ವೋಲ್ಟಿಗೂ ಕಡಿಮೆ. ಬಲ್ಬ್ ಇಲ್ಲದವರಿಗೆ 2.2 ಕಿಲೋಓಮ್, 10 ವಾಟ್ ರೆಸಿಸ್ಟರ್ ಸಾಕು, ನಾಲ್ಕೈದು ಸೆಕೆಂಡಿನಲ್ಲಿ ಖಾಲಿ.

ಚಾಸಿ ಹೊರಗೆ

ಪ್ರತಿ ಕನೆಕ್ಟರ್‌ಗೂ ಟೇಪ್ ಅಂಟಿಸಿ ನಂಬರ್ ಬರೆದೆ, ಫೋಟೋ ತೆಗೆದೆ. ಟ್ಯೂಬಿನ ಹಿಂತುದಿಗೆ ಸಿಕ್ಕಿಸಿರುವ ಕುತ್ತಿಗೆ ಬೋರ್ಡನ್ನು ಅಲ್ಲಾಡಿಸದೆ ನೇರ ಹಿಂದಕ್ಕೆ ಎಳೆಯಬೇಕು. ಕುತ್ತಿಗೆ ಮುರಿದರೆ ಟ್ಯೂಬ್ ಹೋದಂತೆ, ಅಂಗಡಿಯಲ್ಲಿ ಹೊಸ ಟ್ಯೂಬ್ ಸಿಗುವ ಕಾಲ ಇದಲ್ಲ.

ಬೋರ್ಡ್ ತಿರುಗಿಸಿ ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ಯೋಕ್ (ಕಿರಣವನ್ನು ತಿರುಗಿಸುವ ಸುರುಳಿಗಳು) ಕನೆಕ್ಟರಿನ ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ವೃತ್ತ. ಪಿನ್ನನ್ನು ಬೆರಳಿಂದ ತಳ್ಳಿದರೆ ಬೆಸುಗೆ ಅಲ್ಲೇ ಇದೆ, ಪಿನ್ ಮಾತ್ರ ಅಲುಗುತ್ತದೆ. ನಾಲ್ಕು ದಶಕ ಬಿಸಿಯಾಗಿ ತಣ್ಣಗಾಗಿ ಬಿರುಕು ಬಿಟ್ಟ ಬೆಸುಗೆ, ಡ್ರೈ ಸೋಲ್ಡರ್. ವರ್ಟಿಕಲ್ ಸುರುಳಿಗೆ ಕರೆಂಟ್ ಹೋಗುವ ದಾರಿ ಅದೇ. ಗೆರೆಗೆ ಕಾರಣ ಸಿಕ್ಕಿತು.

ಆ ಒಂದೇ ಪಿನ್ ಬೆಸೆದು ಮುಚ್ಚಿಬಿಡುವುದು ಸರಿಯಲ್ಲ. ಪಕ್ಕದ ಪಿನ್‌ಗಳ ಗತಿಯೂ ಅಷ್ಟೇ ಅಲ್ವಾ? ಎಲ್ಲ ಕನೆಕ್ಟರ್ ಮತ್ತು ಎಲ್‌ಓಟಿ (ಹೈ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್) ಕಾಲುಗಳ ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳ ಕಿಟ್ ಬಂದ ಮೇಲೆ ಅವನ್ನೂ ಬದಲಾಯಿಸಿದೆ, ಎಲ್ಲವೂ 105 ಡಿಗ್ರಿ ಶಾಖ ತಡೆಯುವಂಥವು. ಒಂದನ್ನು ತೆಗೆದು ಒಂದನ್ನು ಹಾಕುತ್ತಾ, ಪ್ಲಸ್-ಮೈನಸ್ ನೋಡಿ ಗುರುತು ಹಾಕುತ್ತಾ ಹೋದೆ. ಬೇಸರದ ಕೆಲಸ, ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಸೀರೀಸ್ ಬಲ್ಬ್

ರಿಪೇರಿ ಆದ ಬೋರ್ಡಿಗೆ ನೇರ ಕರೆಂಟ್ ಕೊಡುವುದನ್ನು ಮಾವ ಒಪ್ಪುವುದಿಲ್ಲ. ಜಿ07 ಮಾನಿಟರಿಗೆ ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಇಲ್ಲದಿದ್ದರೆ ಚಾಸಿಯ ಕಬ್ಬಿಣವೇ ಮೇನ್ಸ್‌ಗೆ ಸೇರಿಬಿಡುತ್ತದೆ. ಟ್ರಾನ್ಸ್‌ಫಾರ್ಮರ್ ಮತ್ತು ಮಾನಿಟರ್ ನಡುವೆ 100 ವಾಟಿನ ಫಿಲಮೆಂಟ್ ಬಲ್ಬ್ ಸೇರಿಸಿದೆವು. ಎಲ್‌ಇಡಿ ಬಲ್ಬ್ ಇದಕ್ಕೆ ನಡೆಯುವುದಿಲ್ಲ. ಟ್ಯೂಬಿಗೆ ಹತ್ತಿದ ಅಯಸ್ಕಾಂತತೆ ಅಳಿಸುವ ಡೀಗಾಸ್ ಸುರುಳಿಯ ಕನೆಕ್ಟರ್ ಬಿಚ್ಚಿಟ್ಟೆವು, ಅದರ ಆರಂಭದ ಎಳೆತ ಲೆಕ್ಕ ಕೆಡಿಸುತ್ತದೆ. ಸ್ವಿಚ್ ಹಾಕಿದಾಗ ಬಲ್ಬ್ ಜೋರಾಗಿ ಹೊತ್ತಿ ಕೂಡಲೇ ಮಂಕಾಯಿತು. ಎಲ್ಲೂ ಶಾರ್ಟ್ ಇಲ್ಲ. ಶಾರ್ಟ್ ಇದ್ದಿದ್ದರೆ ಬಲ್ಬ್ ಜೋರಾಗಿಯೇ ಉರಿಯುತ್ತಿತ್ತು, ಬೋರ್ಡಿನ ಟ್ರಾನ್ಸಿಸ್ಟರ್ ಸುಡುತ್ತಿರಲಿಲ್ಲ.

ಬಲ್ಬ್ ತೆಗೆದು ನೇರ ಕೊಟ್ಟು ಬಿ ಪ್ಲಸ್, ಅಂದರೆ ಬೋರ್ಡಿನ ಮುಖ್ಯ ಡಿಸಿ ವೋಲ್ಟೇಜ್, ಅಳೆದೆವು. ಇದರಲ್ಲಿ 120 ವೋಲ್ಟ್ ಬರಬೇಕು, ನಮಗೆ ಸ್ವಲ್ಪ ಜಾಸ್ತಿ ಬಂತು. ಬೋರ್ಡಿನ ಮೇಲಿನ ಪ್ರೀಸೆಟ್ ತಿರುಪನ್ನು ತಿರುಗಿಸಿ 120ಕ್ಕೆ ತಂದೆವು. ಬಿ ಪ್ಲಸ್ ಏರಿದರೆ ಹೈ ವೋಲ್ಟೇಜೂ ಏರುತ್ತದೆ, ಅದಕ್ಕೇ ಚಿತ್ರ ನೋಡುವ ಮೊದಲು ಇದನ್ನು ಮಾಡಬೇಕು.

ಚಿತ್ರ ಬಂತು! ತೆರೆ ತುಂಬ, ಅಂಚುಗಳು ನೆಟ್ಟಗೆ. ಅಗಲ ಸರಿಮಾಡಲು ವಿಡ್ತ್ ಕಾಯಿಲನ್ನು ಪ್ಲಾಸ್ಟಿಕ್ ಹೆಕ್ಸ್ ಕಡ್ಡಿಯಿಂದ ತಿರುಗಿಸಿದೆ. ಲೋಹದ ಕಡ್ಡಿ ಹಾಕಿದರೆ ಒಳಗಿನ ಫೆರೈಟ್ ತಿರುಳು ಸೀಳಬಹುದು.

ಆಫ್ ಮಾಡಿ ಟಾರ್ಚ್ ಬಿಟ್ಟಾಗ ಗಾಜಿನ ಹಿಂದೆ ಮೇಜ್ (ಆಟದ ದಾರಿಗಳ ಜಾಲ) ಒಂದರ ಮಾಸಲು ಗುರುತು ಕಂಡಿತು. ಮಿಸ್ ಪ್ಯಾಕ್-ಮ್ಯಾನ್‌ನಲ್ಲಿ ಮೇಜ್‌ಗಳು ನಾಲ್ಕು. ಇಲ್ಲಿ ಸುಟ್ಟಿರುವುದು ಒಂದೇ, ಅದೂ 1980ರ ಮೂಲ ಪ್ಯಾಕ್-ಮ್ಯಾನ್‌ನದು. ಈ ಟ್ಯೂಬ್ ಮೊದಲು ಆ ಆಟದಲ್ಲಿ ದುಡಿದಿದೆ. ಇದನ್ನು ಬದಲಾಯಿಸುವ ಯೋಚನೆ ನನಗಿಲ್ಲ. ಬಣ್ಣಗಳು ಇನ್ನೂ ಗಟ್ಟಿಯಾಗಿವೆ, ಆಡುವಾಗ ಆ ಗುರುತು ಕಾಣುವುದೂ ಇಲ್ಲ.

ಮುಂದಿನ ಕೆಲಸ

ಗೇಮ್ ಬೋರ್ಡಿನ ಅಂಚಿಗೆ ಸಿಕ್ಕಿಸುವ 44 ಪಿನ್ನಿನ ಎಡ್ಜ್ ಕನೆಕ್ಟರ್. ಪ್ಯಾಕ್-ಮ್ಯಾನ್ ಬೋರ್ಡಿಗೆ ಸುಮಾರು 7 ವೋಲ್ಟ್ ಎಸಿ ಬರುತ್ತದೆ, ಅದನ್ನು 5 ವೋಲ್ಟ್ ಡಿಸಿ ಮಾಡಿಕೊಳ್ಳುವುದು ಬೋರ್ಡೇ. ಆ ಕರೆಂಟೆಲ್ಲ ಹರಿಯುವ ಪಿನ್‌ಗಳ ಹತ್ತಿರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಹೊಸ ಕನೆಕ್ಟರಿಗೆ ಆರ್ಡರ್ ಮಾಡಿದ್ದೇನೆ. ಅದು ಬರುವವರೆಗೆ ಆಟವನ್ನು ಹೆಚ್ಚು ಹೊತ್ತು ಆನ್ ಇಡುತ್ತಿಲ್ಲ.